ಸ್ಪೀಡ್ ಇದೆ, ಆದರೂ ತಡ ಯಾಕೆ? ನೆಟ್‌ವರ್ಕ್ ಕಾರ್ಡಿನ ದೋಷ ಹುಡುಕುವ ಕೈಪಿಡಿ

ಕಲಬುರಗಿಯಲ್ಲಿ ತೊಗರಿ ಸುಗ್ಗಿ ಶುರುವಾದರೆ ದಾಲ್ ಮಿಲ್ಲುಗಳ ಗೇಟಿನ ಮುಂದೆ ಲಾರಿಗಳು ಸಾಲು ಹಚ್ಚುತ್ತವೆ. ಅಂಥ ಒಂದು ಮಿಲ್ಲಿನಿಂದ ಜನವರಿಯಲ್ಲಿ ನನಗೆ ಫೋನ್ ಬಂತು. ಗೇಟಿನ ಪಕ್ಕ ಕಾಟಾ ಕೋಣೆ. ಅಲ್ಲಿಂದ ಸುಮಾರು 60 ಮೀಟರ್ ಒಳಗೆ ಆಫೀಸು, ಆಫೀಸಿನಲ್ಲಿ ಸರ್ವರ್. ಲಾರಿ ಕಾಟಾ ಹತ್ತುತ್ತದೆ, ತೂಕ ಕಾಣುತ್ತದೆ, ಅಲ್ಲಿ ಕೂತ ಹುಡುಗಿ ಸೇವ್ ಒತ್ತುತ್ತಾಳೆ. ಆಮೇಲೆ ಮೂರು ನಾಲ್ಕು ಸೆಕೆಂಡು ಏನೂ ಆಗುವುದಿಲ್ಲ.

"ಅಣ್ಣಾ, ಸೇವ್ ಒತ್ತಿದ್ರ ಚಕ್ರ ತಿರಗ್ಕೋತ ಕುಂದರ್ತದ ನೋಡ್ರಿ. ಒಮ್ಮೊಮ್ಮೆ ಲಗೂನ ಆಗ್ತದ. ಒಮ್ಮೊಮ್ಮೆ ಡ್ರೈವರ್ ಇಳದು ಬಂದು ಚೀಟಿ ಕೇಳಿದ್ರೂ ಆಗಂಗಿಲ್ಲ" ಅಂದಳು.

ಸಾವಕಾರರು ಅಷ್ಟರಲ್ಲಿ ಒಂದು ಖರ್ಚು ಮಾಡಿಬಿಟ್ಟಿದ್ದರು. "ನೂರು ಎಂಬಿ ಇದ್ದದ್ದು ಮುನ್ನೂರು ಮಾಡ್ಸೀನಪಾ. ಮತ್ತ ಯಾಕ ಹಿಂಗ ಆಗ್ಲಿಕತ್ತದ?"

ತೂಕದ ಚೀಟಿ ಇಂಟರ್ನೆಟ್ಟಿಗೆ ಹೋಗುವುದೇ ಇಲ್ಲ. ಕಾಟಾ ಕೋಣೆಯ ಕಂಪ್ಯೂಟರಿನಿಂದ ಆಫೀಸಿನ ಸರ್ವರಿಗೆ ಹೋಗಿ ವಾಪಸ್ ಬರುತ್ತದೆ, ಅಷ್ಟೇ. ಹೊರಗಿನ ಪ್ಲಾನ್ ಮುನ್ನೂರಾದರೂ ಸಾವಿರವಾದರೂ ಆ 60 ಮೀಟರಿಗೆ ಏನೂ ಆಗುವುದಿಲ್ಲ. ಒಂದು ಲಾರಿಯಲ್ಲಿ ಎಷ್ಟು ಚೀಲ ಹಿಡಿಯುತ್ತದೆ ಅನ್ನುವುದು ಬೇರೆ, ಆ ಲಾರಿ ಗೇಟಿನಲ್ಲಿ ಎಷ್ಟು ಹೊತ್ತು ನಿಂತಿತು ಅನ್ನುವುದು ಬೇರೆ. ಮೊದಲನೆಯದು ಸ್ಪೀಡ್, ಎರಡನೆಯದು ತಡ.

ಲೆಕ್ಕ ಹಾಕಿ ನೋಡಿ. ಈಥರ್ನೆಟ್ ಅಂದರೆ ತಂತಿಯ ನೆಟ್‌ವರ್ಕ್. ಅದರಲ್ಲಿ ಮಾಹಿತಿ ಪ್ಯಾಕೆಟ್ ಅನ್ನುವ ಸಣ್ಣ ಕಟ್ಟುಗಳಾಗಿ ಹೋಗುತ್ತದೆ. ಒಂದು ತುಂಬಿದ ಪ್ಯಾಕೆಟ್ಟಿನಲ್ಲಿ 1500 ಬೈಟ್ ಸರಕು ಇರುತ್ತದೆ. ತಲೆಬರಹ, ಮಧ್ಯದ ಬಿಡುವು ಎಲ್ಲ ಸೇರಿ ತಂತಿಯ ಮೇಲೆ 1538 ಬೈಟ್. ಕಂಪ್ಯೂಟರಿಗೆ ಈ ತಂತಿ ಹಚ್ಚುವ ಭಾಗವೇ ನೆಟ್‌ವರ್ಕ್ ಕಾರ್ಡ್. ಇಷ್ಟನ್ನು ಕಳಿಸಲು 100 ಎಂಬಿಪಿಎಸ್ (ಸೆಕೆಂಡಿಗೆ ಹತ್ತು ಕೋಟಿ ಬಿಟ್) ಕಾರ್ಡಿಗೆ 0.12 ಮಿಲಿಸೆಕೆಂಡು ಬೇಕು. ಒಂದು ಗಿಗಾಬಿಟ್ ಕಾರ್ಡಿಗೆ 0.012 ಸಾಕು. ಅಂದರೆ ಹತ್ತು ಪಟ್ಟು ಸ್ಪೀಡಿನ ಕಾರ್ಡ್ ಹಾಕಿದರೂ ಒಂದು ಪ್ಯಾಕೆಟ್ಟಿಗೆ ಉಳಿಯುವುದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ. ಹುಡುಗಿ ಕಾಯುತ್ತಿದ್ದದ್ದು ಮೂರು ಸಾವಿರ ಮಿಲಿಸೆಕೆಂಡು. ಪ್ಯಾಕೆಟ್ ದಾರಿಯಲ್ಲಿ ನಿಧಾನ ನಡೆಯುತ್ತಿಲ್ಲ, ಎಲ್ಲೋ ನಿಂತಿದೆ. ಎಲ್ಲಿ ನಿಂತಿದೆ ಅಂತ ಹುಡುಕುವುದೇ ನಮ್ಮ ಕೆಲಸ.

ತಡ ಯಾರದ್ದು ಅಂತ ಮೊದಲು ಬೇರೆ ಮಾಡಿ

ನೆಟ್‌ವರ್ಕ್ ಮುಟ್ಟುವ ಮುಂಚೆ ಹತ್ತು ನಿಮಿಷ ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ಕಾಟಾದಲ್ಲಿ ತೂಕ ನಿಲ್ಲಲು ಅದರದ್ದೇ ಸಮಯ ಬೇಕು. ಲಾರಿ ಎಂಜಿನ್ ಚಾಲೂ ಇದ್ದರೆ ಅಂಕಿ ಅಲುಗಾಡುತ್ತಲೇ ಇರುತ್ತದೆ. ಅದು ನೆಟ್‌ವರ್ಕ್ ತಡ ಅಲ್ಲ. ತೂಕದ ಡಬ್ಬಿಯಿಂದ ಕಂಪ್ಯೂಟರಿಗೆ ಬರುವ ಸೀರಿಯಲ್ ಕೇಬಲ್ಲೂ ಬೇರೆ. ಅದರ ವೇಗ 9600 ಬಾಡ್ ಇದ್ದರೆ ಸೆಕೆಂಡಿಗೆ ಸುಮಾರು 960 ಅಕ್ಷರ ದಾಟುತ್ತವೆ. ಇಪ್ಪತ್ತು ಅಕ್ಷರದ ತೂಕ ಬರಲು 20 ಮಿಲಿಸೆಕೆಂಡು, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಈ ಮಿಲ್ಲಿನಲ್ಲಿ ತೂಕ ಕೂಡಲೇ ನಿಲ್ಲುತ್ತಿತ್ತು. ಸೇವ್ ಒತ್ತಿದ ಮೇಲೆ ಮಾತ್ರ ತಡ.

ಇನ್ನೊಂದು ಪ್ರಶ್ನೆ ಕೇಳಿ: ದೊಡ್ಡ ಫೈಲ್ ಕಾಪಿ ಮಾಡಿದರೆ ಹೇಗೆ? "ಅದು ಅಷ್ಟೇನ್ ತ್ರಾಸ ಇಲ್ರಿ" ಅಂದರು ಮುನೀಮರು. ದೊಡ್ಡದು ಹೋಗುತ್ತದೆ, ಸಣ್ಣದು ನಿಲ್ಲುತ್ತದೆ. ಇದು ದೊಡ್ಡ ಸುಳಿವು, ಮುಂದೆ ಬರುತ್ತದೆ.

ಅಂಕಿ ತೆಗೆಯಿರಿ

ಪಿಂಗ್ ಎಲ್ಲರಿಗೂ ಗೊತ್ತು: ಒಂದು ಪ್ಯಾಕೆಟ್ ಕಳಿಸಿ, ಉತ್ತರ ಬಂತೋ ಇಲ್ಲವೋ, ಎಷ್ಟು ಹೊತ್ತಿಗೆ ಬಂತು ಅಂತ ತೋರಿಸುವ ಆದೇಶ. ಆದರೆ ನಾಲ್ಕು ಪಿಂಗ್ ಹಾಕಿ "ಸರಿ ಇದೆ" ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ನೂರಕ್ಕೆ ಮೂರು ಪ್ಯಾಕೆಟ್ ಕಳೆಯುತ್ತಿದ್ದರೆ ನಾಲ್ಕರಲ್ಲಿ ಅದು ಕಾಣುವ ಸಾಧ್ಯತೆ ತೀರಾ ಕಡಿಮೆ. ಕನಿಷ್ಠ 200 ಹಾಕಿ. ವಿಂಡೋಸ್‌ನಲ್ಲಿ ಪಿಂಗ್ ಆದೇಶಕ್ಕೆ "-ಎನ್ 200" ಸೇರಿಸಿದರೆ ಎಣಿಕೆ. "-ಎಲ್ 1400" ಸೇರಿಸಿದರೆ ಪ್ಯಾಕೆಟ್ ದೊಡ್ಡದಾಗುತ್ತದೆ. ಎರಡೂ ಇಂಗ್ಲಿಷಿನ ಸಣ್ಣಕ್ಷರವೇ ಇರಲಿ. ಸುಮ್ನೆ ಬಿಟ್ಟರೆ ವಿಂಡೋಸ್ ಬರೀ 32 ಬೈಟ್ ಕಳಿಸುತ್ತದೆ. ತಂತಿ ಸ್ವಲ್ಪ ಕೆಟ್ಟಿದ್ದರೆ ಸಣ್ಣ ಪ್ಯಾಕೆಟ್ ತಪ್ಪಿಸಿಕೊಂಡು ಹೋಗಿಬಿಡುತ್ತದೆ. ಉದ್ದ ಜಾಸ್ತಿ ಇದ್ದಷ್ಟೂ ಏಟು ಬೀಳುವ ಸಾಧ್ಯತೆ ಜಾಸ್ತಿ.

ಮಿಲ್ಲಿನಲ್ಲಿ ನನಗೆ ಸಿಕ್ಕಿದ್ದು ಇದು: 32 ಬೈಟಿನ 200 ಪಿಂಗಿನಲ್ಲಿ ಒಂದು ಕಳೆಯಿತು. 1400 ಬೈಟಿನ 200ರಲ್ಲಿ ಏಳು ಕಳೆದವು. ಉಳಿದವೆಲ್ಲ ಒಂದು ಮಿಲಿಸೆಕೆಂಡಿನ ಒಳಗೆ ಬಂದವು.

ಆಮೇಲೆ ದಾರಿಯನ್ನು ತುಂಡು ಮಾಡಿ. ನನ್ನ ಲ್ಯಾಪ್‌ಟಾಪನ್ನು ಆಫೀಸಿನ ಸ್ವಿಚ್ಚಿಗೆ (ನೆಟ್‌ವರ್ಕ್ ಕೇಬಲ್ಲುಗಳೆಲ್ಲ ಬಂದು ಸೇರುವ ಡಬ್ಬಿ) ಎರಡು ಮೀಟರಿನ ಒಳ್ಳೆ ಕೇಬಲ್ಲಿನಿಂದ ನೇರ ಹಚ್ಚಿದೆ. 1400 ಬೈಟಿನ 200 ಪಿಂಗಿನಲ್ಲಿ ಒಂದೂ ಕಳೆಯಲಿಲ್ಲ. ಅದೇ ಲ್ಯಾಪ್‌ಟಾಪ್ ತಂದು ಕಾಟಾ ಕೋಣೆಯ ಕೇಬಲ್ಲಿಗೆ ಹಚ್ಚಿದೆ. ಆರು ಕಳೆದವು. ಕಾಟಾ ಕಂಪ್ಯೂಟರಿನ ಕಾರ್ಡ್ ಬಚಾವಾಯಿತು. ಹೊಸ ಕಾರ್ಡ್ ತರಲು ಹೊರಟಿದ್ದ ಹುಡುಗನನ್ನು ಗೇಟಿನಲ್ಲೇ ನಿಲ್ಲಿಸಿದೆ.

ಅಂಕಿ ಏನು ಹೇಳುತ್ತದೆ

ನಾನು ಈ ಕೆಲಸದಲ್ಲಿ ಕಲಿತ ತುಂಬಾ ಉಪಯೋಗದ ವಿಷಯ ಇದೇ. ತಡದ ಅಂಕಿ ಒಂದೊಂದು ಸಲ ಒಂದೊಂದು ಥರ ಬಂದರೆ ತಂತಿ, ಸಾಲು, ಗದ್ದಲದ ಕಡೆ ನೋಡಿ. ಒಂದೇ ಅಂಕಿ ಮತ್ತೆ ಮತ್ತೆ ಬಂದರೆ ಯಾವುದೋ ಗಡಿಯಾರದ ಕಡೆ ನೋಡಿ. ಯಾರೋ "ಇಷ್ಟು ಹೊತ್ತು ಕಾಯಿ" ಅಂತ ಬರೆದಿಟ್ಟಿದ್ದಾರೆ, ಪ್ಯಾಕೆಟ್ ಅಷ್ಟೇ ಹೊತ್ತು ಕಾಯುತ್ತಿದೆ.

ಪ್ರತಿ ಸಲ ಸರಿಯಾಗಿ 40 ಅಥವಾ 200 ಮಿಲಿಸೆಕೆಂಡು ತಡವಾದರೆ, ಎರಡು ಒಳ್ಳೆಯ ನಿಯಮಗಳು ಒಂದಕ್ಕೊಂದು ಎದುರು ನಿಂತಿರುತ್ತವೆ. 1984ರಲ್ಲಿ ಜಾನ್ ನೇಗಲ್ ಒಂದು ನಿಯಮ ಬರೆದರು. ಚೂರುಪಾರು ಪ್ಯಾಕೆಟ್ಟುಗಳನ್ನು ಕೂಡಲೇ ಕಳಿಸಬೇಡ, ಮೊದಲು ಕಳಿಸಿದ್ದಕ್ಕೆ ರಸೀದಿ ಬರಲಿ, ಆಮೇಲೆ ಒಟ್ಟು ಮಾಡಿ ಕಳಿಸು ಅಂತ. ಆ ಕಡೆಯ ಕಂಪ್ಯೂಟರಿನಲ್ಲಿ ಇನ್ನೊಂದು ನಿಯಮ. ರಸೀದಿಯನ್ನು ಕೂಡಲೇ ಕೊಡಬೇಡ, ಸ್ವಲ್ಪ ತಡೆದು ಉತ್ತರದ ಜೊತೆಗೇ ಕಳಿಸು ಅಂತ. ಇವನು ರಸೀದಿಗೆ ಕಾಯುತ್ತಾನೆ, ಅವನು ಸರಕಿಗೆ ಕಾಯುತ್ತಾನೆ. ಆ ತಡೆಯುವ ಸಮಯ ಲಿನಕ್ಸ್‌ನಲ್ಲಿ 40 ಮಿಲಿಸೆಕೆಂಡು, ಹಳೆಯ ವಿಂಡೋಸ್‌ಗಳಲ್ಲಿ 200. ಇದಕ್ಕೆ ಮದ್ದು ಕಾರ್ಡಿನಲ್ಲಿಲ್ಲ, ಸಾಫ್ಟ್‌ವೇರಿನಲ್ಲಿದೆ. ಬರೆದವರಿಗೆ "ಟಿಸಿಪಿ ನೋ-ಡಿಲೇ ಹಾಕಿ" ಅಂತ ಹೇಳಿ, ಅವರಿಗೆ ಅರ್ಥವಾಗುತ್ತದೆ.

ತಡ ನೂರು ಮಿಲಿಸೆಕೆಂಡಿನ ಆಸುಪಾಸು ಮೇಲೆ ಕೆಳಗೆ ಆಡುತ್ತಿದ್ದು, ಅದು ವೈಫೈ ಲ್ಯಾಪ್‌ಟಾಪ್ ಆಗಿದ್ದರೆ ಪವರ್ ಸೇವಿಂಗ್ ನೋಡಿ. ವೈಫೈ ಡಬ್ಬಿ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ "ನಾನಿದ್ದೇನೆ" ಅಂತ ಸದ್ದು ಕೊಡುತ್ತದೆ. ನಿದ್ದೆ ಹೋದ ಕಾರ್ಡ್ ಆ ಸದ್ದಿಗೆ ಮಾತ್ರ ಏಳುತ್ತದೆ. ಅಲ್ಲಿಯವರೆಗೆ ಪ್ಯಾಕೆಟ್ ಡಬ್ಬಿಯಲ್ಲೇ ಕಾಯುತ್ತದೆ. ಪವರ್ ಆಪ್ಷನ್ಸ್ ಒಳಗೆ ವೈರ್‌ಲೆಸ್ ಅಡಾಪ್ಟರ್ ಅನ್ನು ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್‌ಗೆ ಇಟ್ಟರೆ ಹೋಗುತ್ತದೆ.

ಲಿನಕ್ಸ್ ಯಂತ್ರದಲ್ಲಿ ಸರಿಯಾಗಿ ಐದು ಸೆಕೆಂಡು ತಡವಾದರೆ ಹೆಸರು ಹುಡುಕುವ ಡಿಎನ್‌ಎಸ್ ಉತ್ತರ ಕೊಡುತ್ತಿಲ್ಲ ಅಂತ ಅರ್ಥ. ಸರ್ವರನ್ನು ಹೆಸರಿನ ಬದಲು ಅದರ ವಿಳಾಸವಾದ ಐಪಿ ಅಂಕಿಯಿಂದ ತೆರೆದು ನೋಡಿ. ಐಪಿಯಿಂದ ಕೂಡಲೇ ಬಂದು, ಹೆಸರಿನಿಂದ ತಡವಾದರೆ ಕಾರ್ಡನ್ನು ಬಿಟ್ಟುಬಿಡಿ.

ಒಂದು ಪ್ಯಾಕೆಟ್ ಕಳೆದರೆ ಇಷ್ಟೊಂದು ತಡ ಯಾಕೆ

ಮಿಲ್ಲಿನಲ್ಲಿ ಕಳೆಯುತ್ತಿದ್ದದ್ದು ನೂರಕ್ಕೆ ಮೂರು. ಬಂದವೆಲ್ಲ ಒಂದು ಮಿಲಿಸೆಕೆಂಡಿನಲ್ಲೇ ಬರುತ್ತಿದ್ದವು. ಹಾಗಿದ್ದರೆ ಮೂರು ಸೆಕೆಂಡು ಎಲ್ಲಿಂದ ಬಂತು?

ಕಳೆದುಹೋದದ್ದನ್ನು ಮತ್ತೆ ಕಳಿಸುವ ಕೆಲಸ ಟಿಸಿಪಿ ಅನ್ನುವ ಸಾಗಣೆ ನಿಯಮದ್ದು. ಪ್ಯಾಕೆಟ್ ಕಳೆದದ್ದು ಅದಕ್ಕೆ ಎರಡು ಥರ ತಿಳಿಯುತ್ತದೆ. ದೊಡ್ಡ ಫೈಲ್ ಹೋಗುತ್ತಿದ್ದರೆ ಹಿಂದೆಯೇ ಬೇರೆ ಪ್ಯಾಕೆಟ್ಟುಗಳು ಬರುತ್ತಿರುತ್ತವೆ. ಆ ಕಡೆಯವನು "ನಾಲ್ಕನೆಯದು ಬಂದಿಲ್ಲ, ನಾಲ್ಕನೆಯದು ಬಂದಿಲ್ಲ" ಅಂತ ಒಂದೇ ರಸೀದಿಯನ್ನು ಮತ್ತೆ ಮೂರು ಸಲ ಕಳಿಸುತ್ತಾನೆ. ಇವನು ಕೂಡಲೇ ನಾಲ್ಕನೆಯದನ್ನು ಇನ್ನೊಮ್ಮೆ ಕಳಿಸುತ್ತಾನೆ. ಅದಕ್ಕೇ ಫೈಲ್ ಕಾಪಿ ಅಷ್ಟೇನೂ ತ್ರಾಸ ಕೊಡುವುದಿಲ್ಲ.

ತೂಕದ ಚೀಟಿಯಲ್ಲಿ ಹಾಗಿಲ್ಲ. ಒಂದೊಂದೇ ಪ್ಯಾಕೆಟ್ ಹೋಗುತ್ತದೆ, ಉತ್ತರಕ್ಕೆ ಕಾಯುತ್ತದೆ. ಅದು ಕಳೆದರೆ ಹಿಂದೆ ಬರುವವರು ಯಾರೂ ಇಲ್ಲ, ದೂರು ಹೇಳುವವರೂ ಇಲ್ಲ. ಆಗ ಕಳಿಸಿದವನು ಗಡಿಯಾರ ನೋಡುತ್ತಾ ಕೂರಬೇಕು. ಆ ಕಾಯುವಿಕೆ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಕನಿಷ್ಠ 300 ಮಿಲಿಸೆಕೆಂಡು, ಲಿನಕ್ಸ್‌ನಲ್ಲಿ 200. ಎರಡನೇ ಸಲವೂ ಕಳೆದರೆ ಕಾಯುವ ಸಮಯ ದುಪ್ಪಟ್ಟು, 600. ಮೂರನೇ ಸಲ 1200. ಸಾಲಾಗಿ ಮೂರು ಏಟು ಬಿದ್ದರೆ 2100 ಮಿಲಿಸೆಕೆಂಡು ಸುಮ್ನೆ ಹೋಯಿತು.

ಮೇಲಾಗಿ ಆ ಲೆಕ್ಕದ ಸಾಫ್ಟ್‌ವೇರ್ ಸರ್ವರಿನ ಫೋಲ್ಡರಿನಲ್ಲಿರುವ ಫೈಲನ್ನು ನೇರ ತೆರೆಯುವಂಥದ್ದು. ಫೈಲ್ ತೆರೆ, ಬೀಗ ಹಾಕು, ಓದು, ಬರೆ, ಬೀಗ ತೆಗೆ. ಒಂದು ಸೇವಿಗೆ ಹತ್ತಾರು ಸಲ ಹೋಗಿಬರುತ್ತದೆ. ಒಂದು ಹೆಜ್ಜೆ ಮುಗಿಯದೆ ಇನ್ನೊಂದಿಲ್ಲ. ಅಷ್ಟು ಹೋಗಿಬರುವಾಗ ನೂರಕ್ಕೆ ಮೂರು ಕಳೆದರೆ ಎಷ್ಟೋ ಸೇವುಗಳಲ್ಲಿ ಒಂದೆರಡು ಏಟು ಬೀಳುತ್ತವೆ. ಮುನೀಮರ ಮಾತಿಗೆ ಅರ್ಥ ಸಿಕ್ಕಿತು ಅಲ್ವಾ?

ತಂತಿಯ ಮುಂದೆ ಕೂತುಕೊಳ್ಳಿ

ಮಧ್ಯಾಹ್ನ ಊಟಕ್ಕೆ ಮಿಲ್ ನಿಂತಿತು. ಮೋಟಾರುಗಳೆಲ್ಲ ಬಂದ್. ಆಗ ಮತ್ತೆ 200 ಪಿಂಗ್ ಹಾಕಿದೆ. ಒಂದು ಕಳೆಯಿತು. ಊಟ ಮುಗಿದು ಮೋಟಾರು ಚಾಲೂ ಆದ ಕೂಡಲೇ ಮತ್ತೆ ಏಳು. ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ.

ಕೇಬಲ್ ಹೋದ ದಾರಿ ನೋಡಿದೆ. ಅರ್ಧ ದಾರಿ ಮೋಟಾರಿನ ಕರೆಂಟ್ ಕೇಬಲ್ಲಿನ ಜೊತೆಗೇ ಒಂದೇ ಪೈಪಿನಲ್ಲಿ. ಉಳಿದರ್ಧ ಅಂಗಳದ ಎರೆ ಮಣ್ಣಿನ ಕೆಳಗೆ. ನಮ್ಮ ಕಡೆಯ ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಪೈಪನ್ನು ಹಿಡಿದು ಎಳೆಯುತ್ತದೆ. ಹೂತ ಕೇಬಲ್ಲಿನ ಜಾಯಿಂಟು ಎರಡು ಬೇಸಿಗೆ ತಡೆದರೆ ಹೆಚ್ಚು. ಇಲ್ಲೂ ಕಾಂಪೌಂಡ್ ಗೋಡೆಯ ಹತ್ತಿರ ಒಂದು ಜಾಯಿಂಟು, ಟೇಪ್ ಸುತ್ತಿದ್ದು, ಕೈಯಲ್ಲಿ ಹಿಡಿದರೆ ಅಲ್ಲಾಡುತ್ತಿತ್ತು.

ಕನೆಕ್ಟರನ್ನು ಬೆಳಕಿಗೆ ಹಿಡಿದು ಬಣ್ಣ ಓದಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ನೋಡಲು ಎಷ್ಟು ಓರಣ! ಜೋಡಿ ಪಕ್ಕದಲ್ಲಿ ಜೋಡಿ. ಆದರೆ ತಪ್ಪು ಇಲ್ಲೇ ಇದೆ. ಇರಬೇಕಾದ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ಮೂರು ಮತ್ತು ಆರನೇ ಪಿನ್ನಿಗೆ ಹೋಗಬೇಕು, ಮೂರು ಮತ್ತು ನಾಲ್ಕಕ್ಕಲ್ಲ.

ಎಂಟು ದೀಪದ ಟೆಸ್ಟರ್ ಹಚ್ಚಿದರೆ ಈ ತಪ್ಪು ಕಾಣುವುದೇ ಇಲ್ಲ. ಎರಡೂ ತುದಿಯಲ್ಲಿ ಒಂದೇ ಸಾಲು ಇರುವುದರಿಂದ ದೀಪಗಳು ಒಂದರಿಂದ ಎಂಟರವರೆಗೆ ಚೆಂದಾಗಿ ಉರಿಯುತ್ತವೆ. ಟೆಸ್ಟರ್ ತಂತಿ ತುಂಡಾಗಿಲ್ಲ ಅಂತ ಮಾತ್ರ ಹೇಳುತ್ತದೆ. ಆದರೆ ಕಾರ್ಡ್ ಮೂರು ಮತ್ತು ಆರನೇ ಪಿನ್ನನ್ನು ಒಂದು ಜೋಡಿ ಅಂತ ನಂಬಿರುತ್ತದೆ. ತಂತಿಗಳನ್ನು ಜೋಡಿಯಾಗಿ ಹೊಸೆಯುವುದಕ್ಕೆ ಕಾರಣವೇ ಹೊರಗಿನ ಗದ್ದಲ. ಹೊಸೆದ ಎರಡು ತಂತಿಗೂ ಮೋಟಾರಿನ ಗದ್ದಲ ಒಂದೇ ಸಮ ಬಡಿಯುತ್ತದೆ. ಕಾರ್ಡ್ ಎರಡರ ವ್ಯತ್ಯಾಸ ಮಾತ್ರ ಓದುವುದರಿಂದ ಗದ್ದಲ ವಜಾ ಆಗಿಹೋಗುತ್ತದೆ. ಇಲ್ಲಿ ಜೋಡಿಯ ಒಂದು ತಂತಿ ಹಸಿರಿನ ಹೊಸೆತದಲ್ಲಿದೆ, ಇನ್ನೊಂದು ನೀಲಿಯ ಹೊಸೆತದಲ್ಲಿದೆ. ಎರಡಕ್ಕೂ ಬೇರೆ ಬೇರೆ ಗದ್ದಲ ಬಡಿಯುತ್ತದೆ, ವಜಾ ಆಗುವುದಿಲ್ಲ. ಪಕ್ಕದಲ್ಲೇ ಮೋಟಾರ್ ಕೇಬಲ್ ಬೇರೆ. ಪ್ಯಾಕೆಟ್ ಹೇಗೆ ಉಳಿಯಬೇಕು?

ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದೆ. ಮೇಲೆ ತಾಮ್ರದ ಕೆಂಪು, ಒಳಗೆ ಬೆಳ್ಳಗೆ ಹೊಳೆಯಿತು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್. ಅಗ್ಗಕ್ಕೆ ಸಿಗುತ್ತದೆ, ಡಬ್ಬಿ ನೋಡಿದರೆ ಗೊತ್ತಾಗುವುದಿಲ್ಲ. ಕರೆಂಟಿಗೆ ಇದು ಒಡ್ಡುವ ತಡೆ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು, ಎರಡು ಮೂರು ಸಲ ಬಗ್ಗಿಸಿದರೆ ಮುರಿಯುತ್ತದೆ. ಬಿಸಿಲಿಗೂ ಇದಕ್ಕೂ ಆಗಿಬರುವುದಿಲ್ಲ. ಅಪ್ಪಟ ತಾಮ್ರದ ತಡೆಯೇ ಒಂದು ಡಿಗ್ರಿಗೆ ನೂರಕ್ಕೆ 0.4ರ ಹತ್ತಿರ ಏರುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಜಾಸ್ತಿ. ಚಳಿಗಾಲದಲ್ಲಿ ಹೇಗೋ ನಡೆದ ಕೇಬಲ್ ಬೇಸಿಗೆಯಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ. ಕೇಬಲ್ ಕೊಳ್ಳುವಾಗ ಅಂಗಡಿಯಲ್ಲೇ ಒಂದು ತುದಿ ಕೆರೆದು ನೋಡಿ, ನಾಚಿಕೆ ಬೇಡ.

ಸುಗ್ಗಿಯಲ್ಲಿ ಮಿಲ್ ನಿಲ್ಲಿಸಿ ನೆಲ ಅಗೆಯಲು ಆಗುವುದಿಲ್ಲ. ಅವತ್ತಿಗೆ ಅಪ್ಪಟ ತಾಮ್ರದ ಕ್ಯಾಟ್ 6 ಕೇಬಲ್ಲನ್ನು ಮೋಟಾರಿನಿಂದ ದೂರ, ಗೋಡೆಯ ಇನ್ನೊಂದು ಬದಿಯಿಂದ ಎಳೆದೆವು. ಮಧ್ಯೆ ಒಂದೂ ಜಾಯಿಂಟ್ ಇಲ್ಲ. ತಾಮ್ರದ ಕೇಬಲ್ಲಿಗೆ 100 ಮೀಟರ್ ಮಿತಿ, ನಮ್ಮದು ಸುತ್ತು ಹಾಕಿದರೂ 75 ದಾಟಲಿಲ್ಲ. ಕರೆಂಟ್ ಕೇಬಲ್ಲನ್ನು ದಾಟಲೇಬೇಕಾದ ಒಂದು ಕಡೆ ಅಡ್ಡಡ್ಡ ದಾಟಿಸಿದೆವು, ಜೊತೆಗೆ ಓಡಿಸಲಿಲ್ಲ.

ಮೋಟಾರು ಚಾಲೂ ಇದ್ದಾಗಲೇ 1400 ಬೈಟಿನ 200 ಪಿಂಗ್. ಒಂದೂ ಕಳೆಯಲಿಲ್ಲ.

ಪಿಂಗ್ ಸರಿ, ಆದರೂ ಸಂಜೆ ತಡ

ಮರುದಿನ ಸಂಜೆ ಮತ್ತೆ ಫೋನ್. ಹಗಲೆಲ್ಲ ಚೆನ್ನಾಗಿತ್ತು, ಆಫೀಸಿನಲ್ಲಿ ಬ್ಯಾಕಪ್ ಶುರುವಾದಾಗ ಕಾಟಾ ಮತ್ತೆ ನಿಲ್ಲುತ್ತದೆ ಅಂತ. ನನಗೆ ಅವತ್ತು ನಿದ್ದೆ ಬರಲಿಲ್ಲ, ಏನು ಬಿಟ್ಟೆ ಅಂತ ಯೋಚನೆ.

ಬಿಟ್ಟದ್ದು ಇದು. ಪಿಂಗ್ ಒಂದು ಸಲಕ್ಕೆ ಒಂದೇ ಹೋಗುತ್ತದೆ, ಅದು ಬಂದ ಮೇಲೆ ಇನ್ನೊಂದು. ಎರಡೂ ಕಡೆಯವರು ಒಟ್ಟಿಗೆ ಮಾತಾಡುವ ಸಂದರ್ಭವೇ ಬರುವುದಿಲ್ಲ. ಒಟ್ಟಿಗೆ ಮಾತಾಡಿದಾಗ ಮಾತ್ರ ಹೊರಬರುವ ದೋಷ ಒಂದಿದೆ. ಅದಕ್ಕೇ ಪಿಂಗ್ ಹಾಕುವಾಗ ಪಕ್ಕದಲ್ಲೊಂದು ದೊಡ್ಡ ಫೈಲ್ ಕಾಪಿಗೂ ಹಚ್ಚಿ. ಹಾಗೆ ಮಾಡಿದಾಗ ಪಿಂಗ್ ಕಳೆಯತೊಡಗಿದವು. ಕಾಪಿ ಕೂಡ ಮುಗ್ಗರಿಸುತ್ತಾ ಹೋಯಿತು.

ಸರ್ವರಿನ ಡಿವೈಸ್ ಮ್ಯಾನೇಜರ್ ತೆರೆದೆ. ನೆಟ್‌ವರ್ಕ್ ಅಡಾಪ್ಟರ್, ಪ್ರಾಪರ್ಟೀಸ್, ಅಡ್ವಾನ್ಸ್ಡ್. ಅಲ್ಲಿ ಸ್ಪೀಡ್ ಆಂಡ್ ಡ್ಯುಪ್ಲೆಕ್ಸ್ ಅನ್ನುವಲ್ಲಿ "100 ಎಂಬಿಪಿಎಸ್ ಫುಲ್ ಡ್ಯುಪ್ಲೆಕ್ಸ್" ಅಂತ ಕೈಯಿಂದ ಹಾಕಿತ್ತು. ಫುಲ್ ಅಂದರೆ ಎರಡೂ ಕಡೆಯವರು ಒಟ್ಟಿಗೆ ಮಾತಾಡಬಹುದು. ಹಿಂದೊಮ್ಮೆ ಸರ್ವರಿನ ಕೇಬಲ್ಲಿನಲ್ಲಿ ಗಿಗಾಬಿಟ್ ನಿಲ್ಲದೆ ಲಿಂಕ್ ಬಿಟ್ಟು ಬಿಟ್ಟು ಹೋಗುತ್ತಿದ್ದಾಗ ಯಾರೋ ಹೀಗೆ ಮಾಡಿರಬೇಕು. ಆ ಹೊತ್ತಿಗೆ ಅದು ಉಪಾಯವೇ.

ಆದರೆ ಸ್ವಿಚ್ ಆಟೋದಲ್ಲಿದೆ, ಅಂದರೆ ಆ ಕಡೆಯವನ ಜೊತೆ ಮಾತಾಡಿ ತಾನೇ ಗೊತ್ತುಮಾಡಿಕೊಳ್ಳುತ್ತದೆ. ಒಂದು ಕಡೆ ಕೈಯಿಂದ ಹಾಕಿ, ಇನ್ನೊಂದು ಕಡೆ ಆಟೋ ಬಿಟ್ಟರೆ, ಆಟೋ ಕಡೆಯವನು ಸ್ಪೀಡನ್ನು ಗುರುತಿಸುತ್ತಾನೆ, ಡ್ಯುಪ್ಲೆಕ್ಸ್ ಗುರುತಿಸಲಾರ. ನಿಯಮದ ಪ್ರಕಾರ ಹಾಫ್ ಅಂತ ಹಿಡಿಯುತ್ತಾನೆ. ಹಾಫ್ ಅಂದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ಸರ್ವರ್ ಹಾಗೆ ತಿಳಿದಿಲ್ಲ, ಬೇಕಾದಾಗ ಮಾತಾಡುತ್ತದೆ. ಸ್ವಿಚ್ ಕಳಿಸುತ್ತಿರುವಾಗ ಸರ್ವರಿನ ಮಾತು ಕೇಳಿದರೆ "ಡಿಕ್ಕಿ ಆಯ್ತು" ಅಂತ ಸ್ವಿಚ್ ತನ್ನ ಪ್ಯಾಕೆಟ್ಟನ್ನು ಅರ್ಧಕ್ಕೇ ಬಿಡುತ್ತದೆ. ಸರ್ವರಿಗೆ ಸಿಕ್ಕ ಅರ್ಧ ಪ್ಯಾಕೆಟ್ ಲೆಕ್ಕ ತಾಳೆಯಾಗದೆ ಕಸಕ್ಕೆ ಹೋಗುತ್ತದೆ. ಮೊದಲ 64 ಬೈಟ್ ದಾಟಿದ ಮೇಲೆ ಡಿಕ್ಕಿಯಾದರೆ ಸಾಮಾನ್ಯವಾಗಿ ಅದನ್ನು ಮತ್ತೆ ಕಳಿಸುವುದೂ ಇಲ್ಲ. ಮತ್ತೆ ಟಿಸಿಪಿಯ ಗಡಿಯಾರ, ಮತ್ತೆ 300 ಮಿಲಿಸೆಕೆಂಡು.

ಮದ್ದು ಒಂದೇ ಕ್ಲಿಕ್: ಆಟೋ ನೆಗೋಶಿಯೇಷನ್. ಗಿಗಾಬಿಟ್ ತಾಮ್ರದ ತಂತಿಯಲ್ಲಿ ಆಟೋ ಕಡ್ಡಾಯವೇ. ಈ ಸೆಟ್ಟಿಂಗ್ ಬದಲಿಸಿದ ಕೂಡಲೇ ಲಿಂಕ್ ಕೆಲವು ಸೆಕೆಂಡು ಬಿಟ್ಟು ಬರುತ್ತದೆ. ಲಾರಿ ಕಾಟಾದ ಮೇಲೆ ಇಲ್ಲದಿರುವಾಗ ಮಾಡಿ.

ದೋಷದ ಎಣಿಕೆ ಕಾರ್ಡಿನಲ್ಲೇ ಇರುತ್ತದೆ. ವಿಂಡೋಸ್‌ನಲ್ಲಿ "ನೆಟ್‌ಸ್ಟ್ಯಾಟ್ -ಇ", ಲಿನಕ್ಸ್‌ನಲ್ಲಿ ಎಥ್‌ಟೂಲ್ ಜೊತೆಗೆ ದೊಡ್ಡಕ್ಷರದ "-ಎಸ್". ಎರರ್ ಸಂಖ್ಯೆ ಬರೆದುಕೊಳ್ಳಿ, ಹತ್ತು ನಿಮಿಷ ಕೆಲಸ ನಡೆಯಲಿ, ಮತ್ತೆ ನೋಡಿ. ಏರುತ್ತಿದ್ದರೆ ತಂತಿ ಅಥವಾ ಡ್ಯುಪ್ಲೆಕ್ಸ್. ಲಿಂಕ್ ಸ್ಪೀಡನ್ನೂ ನೋಡಿ. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಸಾಕು. ಎರಡೂ ಕಡೆ ಗಿಗಾಬಿಟ್ ಇದ್ದು 100 ತೋರಿಸಿದರೆ ಬಹುಪಾಲು ಒಂದು ಜೋಡಿ ಹೋಗಿದೆ. ಗುಡುಗು ಸಿಡಿಲಿನ ಮಳೆಯಾದ ಮರುದಿನವೂ ಇದನ್ನೇ ಮೊದಲು ನೋಡಿ. ಯಾದಗಿರಿಯ ಒಂದು ಅಂಗಡಿಯಲ್ಲಿ ಸಿಡಿಲಿನ ನಂತರ ಕಾರ್ಡ್ ಪೂರ್ತಿ ಸಾಯದೆ 10 ಎಂಬಿಪಿಎಸ್‌ಗೆ ಇಳಿದಿತ್ತು. ವಾರಗಟ್ಟಲೆ ಅವರು ಸಾಫ್ಟ್‌ವೇರನ್ನೇ ಬೈದರು.

ಕಾರ್ಡಿನ ಒಳಗಿನ ಸೆಟ್ಟಿಂಗ್‌ಗಳು

ಜನ ಶುರು ಮಾಡುವುದು ಇಲ್ಲಿಂದ. ನಾನು ಕೊನೆಗಿಡುತ್ತೇನೆ. ಯಾಕೆ ಅಂತ ಅಂಕಿಯೇ ಹೇಳುತ್ತದೆ.

ಇಂಟರಪ್ಟ್ ಮಾಡರೇಷನ್ ತಗೊಳ್ಳಿ. ಗಿಗಾಬಿಟ್ ಲೈನಿನಲ್ಲಿ ತುಂಬಿದ ಪ್ಯಾಕೆಟ್ಟುಗಳಾದರೆ ಸೆಕೆಂಡಿಗೆ ಸುಮಾರು 81 ಸಾವಿರ ಬರಬಹುದು. ತೀರಾ ಸಣ್ಣವಾದರೆ 14 ಲಕ್ಷ 88 ಸಾವಿರ. ಒಂದೊಂದಕ್ಕೂ ಪ್ರೊಸೆಸರಿನ ಬಾಗಿಲು ಬಡಿದರೆ ಅದಕ್ಕೆ ಬೇರೆ ಕೆಲಸವೇ ಆಗುವುದಿಲ್ಲ. ಹಾಗಾಗಿ ಕಾರ್ಡ್ ಸ್ವಲ್ಪ ಹೊತ್ತು ತಡೆದು, ಬಂದದ್ದನ್ನೆಲ್ಲ ಒಟ್ಟು ಮಾಡಿ, ಒಂದೇ ಸಲ ಬಡಿಯುತ್ತದೆ. ತಡೆಯುವುದು ಹತ್ತಾರು ಮೈಕ್ರೋಸೆಕೆಂಡಿನಿಂದ ನೂರು ಇನ್ನೂರರವರೆಗೆ. ನೂರು ಮೈಕ್ರೋಸೆಕೆಂಡು ಅಂದರೆ 0.1 ಮಿಲಿಸೆಕೆಂಡು. ವಿಂಡೋಸ್ ಪಿಂಗ್ ಅದನ್ನು ತೋರಿಸುವುದೂ ಇಲ್ಲ. ಕಾಟಾ, ಬಿಲ್ಲಿಂಗ್, ಕ್ಯಾಮೆರಾ ಇರುವ ಕಡೆ ಇದನ್ನು ಆಫ್ ಮಾಡಬೇಡಿ. ಪ್ರೊಸೆಸರಿಗೆ ಹೊರೆ, ಲಾಭ ಸೊನ್ನೆ. ನೆಟ್‌ವರ್ಕ್ ಮೇಲೆ ಆಡಿಯೋ ಓಡಿಸುವವರು, ಯಂತ್ರ ನಡೆಸುವವರು ಕಡಿಮೆ ಮಾಡಿ ನೋಡಬಹುದು. ಲಿನಕ್ಸ್‌ನಲ್ಲಿ ಎಥ್‌ಟೂಲಿನ ಸಣ್ಣಕ್ಷರ "-ಸಿ" ಈಗಿನ ಅಂಕಿ ತೋರಿಸುತ್ತದೆ, ದೊಡ್ಡಕ್ಷರದ "-ಸಿ" ಬದಲಿಸುತ್ತದೆ.

ಕರೆಂಟ್ ಉಳಿಸುವ ಸೆಟ್ಟಿಂಗ್ ಬೇರೆ ಮಾತು. ಬೀದರಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕೇಬಲ್ ಹೊಸದು, ಎರರ್ ಇಲ್ಲ, ಆದರೂ ಮಕ್ಕಳು ಬಿಡುವು ಮುಗಿಸಿ ಬಂದು ಮೊದಲ ಸಲ ಕ್ಲಿಕ್ ಮಾಡಿದರೆ ಎರಡು ಮೂರು ಸೆಕೆಂಡು ಸ್ತಬ್ಧ. ಆಮೇಲೆ ಎಲ್ಲ ಸರಾಗ. ಈಥರ್ನೆಟ್ಟಿಗೆ 2010ರಲ್ಲಿ ಬಂದ ಶಕ್ತಿ ಉಳಿತಾಯದ ನಿಯಮದಲ್ಲಿ ಗಿಗಾಬಿಟ್ ಕಾರ್ಡ್ ನಿದ್ದೆಯಿಂದ ಏಳಲು ಬರೀ 16.5 ಮೈಕ್ರೋಸೆಕೆಂಡು ಸಾಕು. ಎರಡು ಸೆಕೆಂಡು ಅದರಿಂದ ಬರುವುದಿಲ್ಲ. ಈವೆಂಟ್ ವ್ಯೂವರ್ ನೋಡಿದೆ. ಪ್ರತಿ ಬಿಡುವಿನಲ್ಲೂ ಲಿಂಕ್ ಹೋಗಿ ಬಂದ ಗುರುತು. ಆ ಕಾರ್ಡಿಗೂ ಆ ಸ್ವಿಚ್ಚಿಗೂ ನಿದ್ದೆಯ ಮಾತಿನಲ್ಲಿ ಹೊಂದಾಣಿಕೆ ಇರಲಿಲ್ಲ. ಎಚ್ಚರವಾಗುವ ಬದಲು ಲಿಂಕ್ ಬಿದ್ದು, ಮತ್ತೆ ಮೊದಲಿನಿಂದ ಮಾತುಕತೆ. ಎನರ್ಜಿ ಎಫಿಷಿಯೆಂಟ್ ಈಥರ್ನೆಟ್, ಗ್ರೀನ್ ಈಥರ್ನೆಟ್ ಎರಡನ್ನೂ ಆಫ್ ಮಾಡಿದೆ. ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ ಈ ಸಾಧನವನ್ನು ಬಂದ್ ಮಾಡಲು ಕಂಪ್ಯೂಟರಿಗೆ ಬಿಡುವ ಟಿಕ್ ತೆಗೆದೆ. ಮರುದಿನ ಕ್ಲಾಸಿನಿಂದ ದೂರು ಬರಲಿಲ್ಲ. ಇಂಥ ಲಕ್ಷಣ ಇದ್ದಲ್ಲಿ ಮಾತ್ರ ಇದನ್ನು ಮುಟ್ಟಿ.

ಯುಎಸ್‌ಬಿ ಕಾರ್ಡ್ ಬಳಸುವವರು ನೀಲಿ ಪೋರ್ಟಿಗೆ ಹಚ್ಚಿ. ಹಳೇ ಯುಎಸ್‌ಬಿ 2.0ಕ್ಕೆ ಇರುವುದೇ 480 ಎಂಬಿಪಿಎಸ್, ಗಿಗಾಬಿಟ್ ಅಲ್ಲಿ ಹಿಡಿಯುವುದಿಲ್ಲ. ರಿಸೀವ್ ಬಫರ್ (ಬಂದ ಪ್ಯಾಕೆಟ್ ಕಾಯುವ ಜಾಗ) ದೊಡ್ಡದು ಮಾಡಿದರೆ ತಡ ಕಡಿಮೆಯಾಗುತ್ತದೆ ಅನ್ನುವುದು ತಪ್ಪು. ಪ್ಯಾಕೆಟ್ ಚೆಲ್ಲುವುದು ಕಡಿಮೆಯಾಗಬಹುದು, ಕಾಯುವ ಸಾಲು ಉದ್ದವಾಗುತ್ತದೆ.

ಆ ಉದ್ದದ ಸಾಲಿನ ದೊಡ್ಡ ಉದಾಹರಣೆ ಇಂಟರ್ನೆಟ್ ರೂಟರಿನಲ್ಲಿದೆ. ಅಪ್‌ಲೋಡ್ 2 ಎಂಬಿಪಿಎಸ್ ಇದ್ದು, ಡಬ್ಬಿಯಲ್ಲಿ 256 ಕಿಲೋಬೈಟ್ ಸಾಲು ತುಂಬಿದರೆ, ಕೊನೆಯ ಪ್ಯಾಕೆಟ್ ಒಂದು ಸೆಕೆಂಡಿಗಿಂತ ಜಾಸ್ತಿ ಕಾಯಬೇಕು. ಯಾರದೋ ಫೋನ್ ಫೋಟೋ ಬ್ಯಾಕಪ್ ಮಾಡುವಾಗ ವಿಡಿಯೋ ಕಾಲ್ ತುಂಡಾಗುವುದು ಇದಕ್ಕೇ. ರೂಟರಿನಲ್ಲಿ ಅಪ್‌ಲೋಡನ್ನು ನಿಜವಾದ ಮಿತಿಗಿಂತ ಸ್ವಲ್ಪ ಕೆಳಗೆ ಕಟ್ಟಿಹಾಕಿ. ಸಾಲು ಉದ್ದವಾಗದಂತೆ ನೋಡಿಕೊಳ್ಳುವ ಎಫ್‌ಕ್ಯು-ಕೋಡೆಲ್ ಅನ್ನುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ದೂರಕ್ಕೆ ಮಾತ್ರ ಮದ್ದಿಲ್ಲ. ಬೆಳಕು ಫೈಬರಿನ ಗಾಜಿನಲ್ಲಿ ಒಂದು ಕಿಲೋಮೀಟರಿಗೆ 5 ಮೈಕ್ರೋಸೆಕೆಂಡು ತೆಗೆದುಕೊಳ್ಳುತ್ತದೆ. ಇಲ್ಲಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 600 ಕಿಲೋಮೀಟರ್ ತಂತಿ ಅಂದರೂ ಹೋಗಿಬರಲು 6 ಮಿಲಿಸೆಕೆಂಡು ಬೇಕೇ ಬೇಕು. ಅದನ್ನು ಇಳಿಸುತ್ತೇವೆ ಅಂತ ಯಾರಾದರೂ ಸಾಫ್ಟ್‌ವೇರ್ ಮಾರಿದರೆ ದುಡ್ಡು ಕೊಡಬೇಡಿ.

ಮಿಲ್ಲಿನಲ್ಲಿ ಈಗ

ಸುಗ್ಗಿ ಮುಗಿದ ಮೇಲೆ ಅಂಗಳ ಅಗೆದು ಫೈಬರ್ ಹಾಕಿದೆವು, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್ಲಿಗೆ ಜೋಡಿಸುವ ಡಬ್ಬಿ). ಎರಡು ಕಟ್ಟಡಗಳ ನಡುವೆ ನನ್ನ ಕೇಳಿದರೆ ಇದೇ ಸರಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಮೋಟಾರಿನ ಗದ್ದಲ ತಾಗುವುದಿಲ್ಲ, ಕಾಟಾ ಕೋಣೆಯ ಸಿಡಿಲು ಆಫೀಸಿನ ಸರ್ವರಿಗೆ ಆ ದಾರಿಯಿಂದ ಬರುವುದಿಲ್ಲ. ಎರೆ ಮಣ್ಣಿನ ಎಳೆತಕ್ಕೆ ಪೈಪಿನಲ್ಲಿ ಸ್ವಲ್ಪ ಸಡಿಲ ಬಿಟ್ಟೆವು.

ಸ್ವಿಚ್ ಡಬ್ಬಿಯ ಬಾಗಿಲಿನ ಒಳಗೆ ಒಂದು ಕಾಗದ ಅಂಟಿಸಿದ್ದೇನೆ. ತಾರೀಖು, ಲಿಂಕ್ ಸ್ಪೀಡ್, ಎರರ್ ಎಣಿಕೆ, 1400 ಬೈಟಿನ 200 ಪಿಂಗಿನ ಫಲಿತಾಂಶ. ಮೋಟಾರ್ ಚಾಲೂ ಇದ್ದಾಗಿನದು ಒಂದು ಸಾಲು, ಬಂದ್ ಇದ್ದಾಗಿನದು ಒಂದು ಸಾಲು, ಬ್ಯಾಕಪ್ ಓಡುವಾಗಿನದು ಒಂದು ಸಾಲು. ಮೂರರಲ್ಲೂ ಕಳೆದದ್ದು ಸೊನ್ನೆ. ಕೆಳಗೆ ಖಾಲಿ ಸಾಲುಗಳಿವೆ. ಮೇ ಬಿಸಿಲಿನಲ್ಲಿ ಒಮ್ಮೆ, ಮಳೆ ಬಿದ್ದು ಮಣ್ಣು ಉಬ್ಬಿದ ಮೇಲೆ ಒಮ್ಮೆ ಅದೇ ಪಿಂಗ್ ಹಾಕಿ ಬರೆಯಬೇಕು ಅಂತ ಕಾಟಾ ಕೋಣೆಯ ಹುಡುಗಿಗೆ ಹೇಳಿಕೊಟ್ಟೆ. ಮೇ ತಿಂಗಳ ಸಾಲನ್ನು ಅವಳೇ ತುಂಬಿದ್ದಾಳೆ, ಫೋಟೋ ತೆಗೆದು ನನಗೆ ಕಳಿಸಿದಳು.